ಗೂರ್ಖಾಲ್ಯಾಂಡ್ ಬಗ್ಗೆ ಮಾತಾಡೋಕೆ ಮುಂಚೆ ಇದನ್ನ ಓದಿ

ಎಲ್ರಿಗೂ ನಮಸ್ಕಾರ. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಬೆಟ್ಟದಲ್ಲಿರೋ ನೇಪಾಳಿ ಮಾತಾಡೋ ಗೂರ್ಖಾಗಳು ಕೇಳ್ತಿರೋ ಪ್ರತ್ಯೇಕ ರಾಜ್ಯಾನೇ ಗೂರ್ಖಾಲ್ಯಾಂಡ್. ನಿನ್ನೆ ನಮ್ಮ ಗ್ರೂಪಲ್ಲಿ ಈ ವಿಷ್ಯ ಬಂದಾಗ "ಅವ್ರು ನೇಪಾಳದವ್ರು, ಇಲ್ಲಿ ಯಾಕೆ ರಾಜ್ಯ ಬೇಕು" ಅಂತ ಒಂದು ಮೆಸೇಜ್ ಬಂತು, ಅದನ್ನ ಡಿಲೀಟ್ ಮಾಡಿದೀನಿ, ಯಾಕಂದ್ರೆ ಅವ್ರ ಹೋರಾಟದ ಹಿಂದೆ ಈ ಮಾತಿಂದ ಆದ ನೋವೂ ಇದೆ. ತಲೆಮಾರುಗಳಿಂದ ಇಲ್ಲೇ ಹುಟ್ಟಿ ಬೆಳೆದ ಭಾರತೀಯ ಪ್ರಜೆಗಳು ಅವ್ರು. ಒಂದು ದೇಶದವ್ರು ಇನ್ನೊಂದು ದೇಶದಲ್ಲಿ ಬಂದು ನೆಲೆಸಬಹುದು ಅನ್ನೋ 1950ರ ಭಾರತ-ನೇಪಾಳ ಒಪ್ಪಂದದಿಂದ ನೇಪಾಳಿ ಮಾತಾಡೋರೆಲ್ಲ ಹೊರಗಿನವ್ರು ಅನ್ನೋ ಗೊಂದಲ ಗಟ್ಟಿಯಾಯ್ತು, 1986ರಲ್ಲಿ ಅಲ್ಲೇ ಬೆಟ್ಟದ ಊರು ಕಾಲಿಂಪಾಂಗ್‌ನಲ್ಲಿ ಅದ್ರ ಪ್ರತಿ ಸುಡೋಕೆ ಹೋದವ್ರ ಮೇಲೆ ಗುಂಡು ಹಾರಿತು, ಜೀವ ಹೋದ್ವು.

ಬೇಡಿಕೆ ಹೊಸದೇನಲ್ಲ, ಬೇರೆ ಆಡಳಿತ ಬೇಕು ಅಂತ 1907ರಲ್ಲೇ ಕೇಳಿದ್ರು. 1988ರಲ್ಲಿ ಹಿಲ್ ಕೌನ್ಸಿಲ್, 2011ರಲ್ಲಿ ಜಿಟಿಎ (ಗೂರ್ಖಾಲ್ಯಾಂಡ್ ಟೆರಿಟೋರಿಯಲ್ ಅಡ್ಮಿನಿಸ್ಟ್ರೇಷನ್) ಅಂತ ರಾಜ್ಯದೊಳಗಿನ ಆಡಳಿತ ಮಂಡಳಿಗಳನ್ನ ಕೊಟ್ರು, ರಾಜ್ಯ ಕೊಡಲಿಲ್ಲ. 1992ರಲ್ಲಿ ನೇಪಾಳಿ ಭಾಷೆ ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಶೆಡ್ಯೂಲ್‌ಗೆ ಸೇರಿದ್ದು ಮಾತ್ರ ನನ್ನ ಪ್ರಕಾರ ದೊಡ್ಡ ಗೆಲುವು.

2017ರಲ್ಲಿ ಸ್ಕೂಲಲ್ಲಿ ಬಂಗಾಳಿ ಕಡ್ಡಾಯ ಅನ್ನೋ ಸುದ್ದಿಗೆ ಬೆಟ್ಟ ಹೊತ್ತಿಕೊಳ್ತು, 104 ದಿನ ಬಂದ್, ಇಂಟರ್ನೆಟ್ ಇಲ್ಲ. ಹಣೆಗೆ ಪಟ್ಟಿ ಕಟ್ಟಿ ಬೆನ್ನಿಗೆ ಬುಟ್ಟಿ ಹೊತ್ತು ಎರಡೆಲೆ ಒಂದು ಮೊಗ್ಗು ಕೀಳೋ ಹೆಂಗಸರು ಮನೇಲೇ ಕೂತ್ರು, ಕೂಲಿ ಹೋಯ್ತು, ಟೀ ಗಿಡ ಕೈಗೆ ಸಿಗದಷ್ಟು ಎತ್ತರ ಬೆಳೀತು. ಇಷ್ಟೆಲ್ಲ ಕಳ್ಕೊಂಡವ್ರನ್ನ ಹೊರಗಿನವ್ರು ಅನ್ಬೇಡಿ ಪ್ಲೀಸ್.

ರಾಜ್ಯ ಬೇಡ ಅನ್ನೋರೂ ಧಾರಾಳವಾಗಿ ಬರೀರಿ, ಸಂವಿಧಾನದ ಆರ್ಟಿಕಲ್ 3 ಪ್ರಕಾರ ಹೊಸ ರಾಜ್ಯದ ತೀರ್ಮಾನ ಸಂಸತ್ತಿಂದು, ಅದ್ರ ಬಗ್ಗೆ ವಾದ ಮಾಡೋಣ. ಹಳೇ ಗಲಾಟೆ ವಿಡಿಯೋನ ಇವತ್ತಿಂದು ಅಂತ ಫಾರ್ವರ್ಡ್ ಮಾಡಿದ್ರೆ ಮಾತ್ರ ಕೇಳದೇ ತೆಗೀತೀನಿ.