ಜರ್ಮನಿಯ ಟ್ಯೂಬಿಂಗೆನ್‌ನಲ್ಲಿರುವ ಅಳಿಯನಿಗೆ

ಉಡುಪಿ
12-10-2025

ಚಿರಂಜೀವಿ ಸುಹಾಸನಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಗಳೆಲ್ಲ ನಿನಗೆ ವಾಟ್ಸಾಪಿನಲ್ಲಿ ತಲಪುತ್ತಿರುವುದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕೆಲವು ದಿನ ಓದಬಾರದೆಂದು ಡಾಕ್ಟರು ಹೇಳಿದ್ದರಿಂದ, ನಿನ್ನ ಇ-ಮೇಲನ್ನು ನಿನ್ನ ಅಮ್ಮ ಪ್ರಿಂಟು ತೆಗೆಸಿಕೊಂಡು ಬಂದು ನನಗೆ ಓದಿ ಹೇಳಿದಳು. ಅವಳು ಹೋದ ಮೇಲೆ ಮನಸ್ಸು ತಡೆಯದೆ ನಾನೇ ಕನ್ನಡಕ ಏರಿಸಿ ಇನ್ನೊಮ್ಮೆ ಓದಿದೆ. ಅವಳು ಓದದೆ ಬಿಟ್ಟಿದ್ದ ಸಾಲುಗಳು ಮೂರನೆಯ ಪುಟದಲ್ಲಿ ಸಿಕ್ಕಿದವು. ಗುರುವಾರ ಸಂಜೆಯಿಂದ ಸೋಮವಾರ ಬೆಳಗ್ಗಿನವರೆಗೆ ನಿನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲವೆಂದೂ, ವಿಳಾಸ ನೋಂದಾಯಿಸುವ ಕಚೇರಿಯಲ್ಲಿ ಹೆಸರು ಕೇಳಿದಾಗ ನಿನ್ನ ಧ್ವನಿ ಬೇರೆ ಯಾರದೋ ಎನಿಸಿತೆಂದೂ ಬರೆದಿರುವೆ. ಅದರ ಬೆನ್ನಿಗೇ "ಆದರೆ ಅದೇನೂ ಕಷ್ಟವಾಗಲಿಲ್ಲ" ಎಂದು ಸೇರಿಸಿ ಬಸ್ ಪಾಸಿನ ವಿಷಯಕ್ಕೆ ಹೋಗಿಬಿಟ್ಟಿರುವೆ.

ಶುಕ್ರವಾರ ಅಕ್ಟೋಬರ್ 3, ಎರಡು ಜರ್ಮನಿಗಳು ಒಂದಾದ ದಿನದ ರಜೆ. ಆದಿತ್ಯವಾರ ಅಲ್ಲಿ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ತರಗತಿಗಳು ಇನ್ನೂ ಆರಂಭವಾಗಿಲ್ಲ. ಆದ್ದರಿಂದ ಮಾತಾಡಲು ಜನ ಸಿಗದೆ ಹೋದದ್ದು ನನಗೆ ಅರ್ಥವಾಗುತ್ತದೆ. ನೀನು ಕಷ್ಟವಾಯಿತೆಂದು ಬರೆದಿದ್ದರೆ ನಾನು ಈ ಪತ್ರವನ್ನು ಬರೆಯುತ್ತಲೇ ಇರಲಿಲ್ಲ; ಎರಡು ದಿನ ಅಳು, ಮೂರನೆಯ ದಿನ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸುತ್ತಿದ್ದೆ. ಕಷ್ಟವಾಗಲಿಲ್ಲ ಎಂದದ್ದೇ ನನ್ನ ನಿದ್ದೆಗೆಡಿಸಿದೆ.

1979ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ನಾನು ಬೊಂಬಾಯಿಗೆ ಹೋದವನು. ಕೊಂಕಣ ರೈಲು ಬಂದದ್ದು 1998ರಲ್ಲಿ. ನಮಗೆ ಬಸ್ಸೇ ಗತಿ. ಊರಿನ ಹುಡುಗರೆಲ್ಲ ಹೋಟೆಲುಗಳಿಗೆ ಸೇರಿಕೊಂಡು ತುಳುವಿನಲ್ಲೇ ಜಗಳವಾಡುತ್ತ ದಿನ ಕಳೆಯುತ್ತಿದ್ದಾಗ, ನಾನು ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬದಿಂದ ಮಸ್ಜಿದ್ ಬಂದರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದೆ. ಮಲಗುವುದು ಅಲ್ಲಿಯ ಅಟ್ಟದಲ್ಲೇ. ಹಿಂದಿ ಬಾರದು, ಮರಾಠಿ ಬಾರದು. ತಪ್ಪು ಮಾತಾಡಿ ನಗೆಗೀಡಾಗುವುದಕ್ಕಿಂತ ತಲೆಯಾಡಿಸುವುದು ಸುಲಭವೆಂದು ಮೊದಲ ವಾರದಲ್ಲೇ ಕಂಡುಕೊಂಡೆ. ನನಗೂ ಕಷ್ಟವಾಗಲಿಲ್ಲ, ಸುಹಾಸ. ಒಂದು ತಿಂಗಳಾಗುವಾಗ ಅದು ಹಿತವಾಗಿಯೇ ಇತ್ತು. ಊರಿನವರು ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದೆ.

ಮನೆಗೆ ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರು ಹಾಕುತ್ತಿದ್ದೆ. ತುಳುವಿನಲ್ಲಿ ಮಾತಾಡಿ ಬೆಳೆದ ನಾವು ಕಾಗದ ಬರೆಯುವುದು ಕನ್ನಡದಲ್ಲಿ, ಅದೂ ಶಾಲೆಯಲ್ಲಿ ಕಲಿಸಿದ ಧಾಟಿಯಲ್ಲಿ: ಉಭಯ ಕುಶಲೋಪರಿ, ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ, ಹಣ ಕಳುಹಿಸಿದ್ದೇನೆ. ಇಷ್ಟರಲ್ಲಿ ಕಾಗದ ಮುಗಿಯುತ್ತಿತ್ತು. ನೀನು ಆ ಮೂರು ದಿನವೂ ಅಮ್ಮನಿಗೆ ಕಳುಹಿಸಿದ "ಊಟ ಆಯ್ತು, ಆರಾಮ್" ಎಂಬುದನ್ನು ಅವಳು ನನಗೆ ತೋರಿಸಿದಾಗ ನನಗೆ ಆ ನೀಲಿ ಕಾಗದಗಳು ಕಣ್ಣೆದುರು ಬಂದವು.

ನಮ್ಮ ಅಮ್ಮನಿಗೆ ಓದಲು ಬಾರದು. ಎಂಟು ವರ್ಷದ ನಿನ್ನ ಅಮ್ಮ ಜಗಲಿಯಲ್ಲಿ ಕುಳಿತು ಓದಿ ಹೇಳುತ್ತಿದ್ದಳು. ನಾಲ್ಕು ಸಾಲು ಓದಿ ಮುಗಿದ ಮೇಲೂ ಅಮ್ಮ ಇನ್ನೇನು ಬರೆದಿದ್ದಾನೆಂದು ಕಾಯುತ್ತ ಕುಳಿತಿರುತ್ತಿದ್ದುದನ್ನು ನೋಡಲಾರದೆ, ಆ ಮಗು ತಾನೇ ಸಾಲುಗಳನ್ನು ಕಟ್ಟಿ ಸೇರಿಸುತ್ತಿತ್ತಂತೆ: ಅಣ್ಣನಿಗೆ ಮಳೆಯ ನೆನಪಾಗುತ್ತದಂತೆ, ನಿಮ್ಮ ಕೈಯ ಪತ್ರೊಡೆ ತಿನ್ನಬೇಕೆಂದು ಆಸೆಯಾಗಿದೆಯಂತೆ. ಇದೊಂದೂ ನನಗೆ ತಿಳಿಯದು. ಮೂರು ವರ್ಷ ಕಳೆದು ಆಟಿ ತಿಂಗಳಲ್ಲಿ ಊರಿಗೆ ಬಂದಾಗ, ಅಮ್ಮ ಮಳೆಯಲ್ಲಿ ನೆನೆದು ಕೆಸುವಿನ ಎಲೆ ಕೊಯ್ದು ತಂದು, ಅರೆದು, ಬೇಯಿಸಿ, ಎಲೆಗೆ ಬಡಿಸುತ್ತ "ನೀನು ಬರೆದಿದ್ದೆಯಲ್ಲ" ಎಂದರು. ನಾನು ತಲೆ ಎತ್ತದೆ "ನಾನು ಹಾಗೆ ಬರೆದದ್ದಿಲ್ಲ" ಎಂದೆ. ಅಮ್ಮ ಮತ್ತೇನೂ ಕೇಳಲಿಲ್ಲ. ಹದಿನೈದು ದಿನ ಮನೆಯಲ್ಲಿದ್ದೆ. ಅವರ ಬಳಿ ಕುಳಿತು ಹೇಳಲು ನನ್ನಲ್ಲಿ ಮಾತೇ ಇರಲಿಲ್ಲ. ಸಿಟ್ಟಿನಿಂದಲ್ಲ, ಅಭ್ಯಾಸ ತಪ್ಪಿಹೋಗಿತ್ತು. ಎರಡು ವರ್ಷದ ಬಳಿಕ ಅವರು ಹೋದ ಸುದ್ದಿ ತಂತಿಯಲ್ಲಿ ಬಂತು.

ಮಾತು ಬೆಳ್ಳಿ, ಮೌನ ಬಂಗಾರ ಎಂದು ನಿನ್ನಿಂದ ಕಾಪಿ ಬರೆಸಿದವನು ನಾನೇ. ಆ ಗಾದೆಯನ್ನು ಕಟ್ಟಿದವನ ಮನೆಯಲ್ಲಿ ಜನ ತುಂಬಿ ತುಳುಕುತ್ತಿದ್ದಿರಬೇಕು.

ಜರ್ಮನಿಯನ್ನು ಕಾಣದ ನಾನು ಅಲ್ಲಿ ಹೇಗಿರಬೇಕೆಂದು ನಿನಗೆ ಹೇಳುವುದು ಅಧಿಕಪ್ರಸಂಗವೆಂದು ಗೊತ್ತು. ಆದರೂ, ಮಧ್ಯಾಹ್ನದ ಊಟವನ್ನು ಕೋಣೆಗೆ ಒಯ್ಯದೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲೇ ಮಾಡು. ಎದುರಿಗೆ ಕುಳಿತವನು ಮಾತಾಡದಿದ್ದರೂ ಉಪ್ಪಾದರೂ ಕೇಳಬಹುದು. ನಿನ್ನ ಮಹಡಿಯ ಮೆಟ್ಟಿಲು ಗುಡಿಸುವ ಸರದಿಯ ಹಲಗೆಯನ್ನು ಈ ವಾರ ನಿನ್ನ ಬಾಗಿಲಿಗೆ ತೂಗುಹಾಕಿದ್ದಾರೆಂದು ನೀನು ಬೇಸರದಿಂದ ಬರೆದಿರುವೆ. 'ಕೇರ್‌ವೋಖೆ' ಎಂಬ ಆ ಪದ್ಧತಿ ಆ ಸೀಮೆಯಲ್ಲಿ ಹಳೆಯದಂತೆ. ರಾತ್ರಿ ಯಾರೂ ಇಲ್ಲದಾಗ ಗುಡಿಸಿ ಮುಗಿಸಬೇಡ. ಶನಿವಾರ ಬೆಳಗ್ಗೆ ಜನ ಸಾಮಾನು ತರಲು ಇಳಿದು ಬರುವ ಹೊತ್ತಿಗೆ ಗುಡಿಸು. ಕೆಳಗಿನ ಮನೆಯ ಅಜ್ಜಿ 'ಗ್ರೂಸ್ ಗಾಟ್' ಎಂದು ನಮಸ್ಕಾರ ಹೇಳಿದರೆ ತಲೆಯಾಡಿಸದೆ, ತಪ್ಪಾದರೂ ಬಾಯಿಬಿಟ್ಟು ತಿರುಗಿ ಹೇಳು. ಅವರು ನಕ್ಕರೆ ನಗಲಿ. 1853ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ನಮ್ಮ ನಾಡಿಗೆ ಬಂದ ಕಿಟೆಲ್ಲರು ನಗುವವರಿಗೆ ಹೆದರಿ ಕೋಣೆಯಲ್ಲಿ ಕುಳಿತಿದ್ದರೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿಗೆ ಪದಗಳು ಎಲ್ಲಿಂದ ಬರುತ್ತಿದ್ದವು? ಅವರು 1903ರಲ್ಲಿ ತೀರಿಕೊಂಡದ್ದು ನೀನಿರುವ ಊರಿನಲ್ಲೇ.

ತಿಂಗಳ ಕೊನೆಯ ಆದಿತ್ಯವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಮಗೂ ನಿಮಗೂ ನಾಲ್ಕೂವರೆ ಗಂಟೆಯ ಅಂತರ. ಸಂಜೆ ಬೇಗ ಕತ್ತಲಾಗುವ ಕಾಲವದು. ಆ ಹೊತ್ತಿಗೆ ಇಲ್ಲಿ ನಾನು ನಿದ್ದೆ ಬಾರದೆ ಎದ್ದೇ ಇರುತ್ತೇನೆ, ಫೋನ್ ಮಾಡು. ಸಂದೇಶ ಬೇಡ, ಧ್ವನಿ ಕೇಳಬೇಕು. ಹೇಳಲು ಏನೂ ಇಲ್ಲದಿದ್ದರೆ ಚಳಿಯನ್ನಾದರೂ ಬೈಯು, ತುಳುವಿನಲ್ಲೇ ಬೈಯು.

ನನ್ನ ಮಂಡಿನೋವು ಈಗ ಎಷ್ಟೋ ಕಡಿಮೆಯಾಗಿದೆ. ನೀನು ವಿಚಾರಿಸಿದ್ದೀಯೆಂದು ನಿನ್ನ ಅಮ್ಮ ಓದಿ ಹೇಳಿದಳು. ನಾನೇ ಓದಿದಾಗ ಆ ಸಾಲು ಎಲ್ಲಿಯೂ ಕಾಣಿಸಲಿಲ್ಲ. ಪೊರೆ ತೆಗೆಸಿದ ಕಣ್ಣು, ತಪ್ಪಿಹೋಗಿರಬಹುದು.

ಇತಿ ನಿನ್ನ ಮಾವ