ಸಚಿವರೇ, ಆ 3 ಅಳಿಸಿ 8 ಹಾಕಿಸಿ ಕೊಡಿ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರಗಳು.

ನಾನು ಮಲೆನಾಡಿನ ಒಬ್ಬ ಸಣ್ಣ ಅಡಿಕೆ ಬೆಳೆಗಾರ. ಒಂದೂವರೆ ಎಕರೆ ತೋಟ, ಒಂದು ಹಸು, ಒಂದು ಬಿಳಿ ಮಾರುತಿ 800. ಆಸ್ತಿ ಇಷ್ಟೇ. ತೋಟ, ಹಸು ನಿಮ್ಮ ಇಲಾಖೆಗೆ ಬರುವುದಿಲ್ಲ, ಅವುಗಳ ಪುಣ್ಯ. ಕಾರಿನ ವಿಷಯಕ್ಕೆ ಈ ಪತ್ರ.

ಕೊನೆವರೆಗೆ ಓದಲು ನಿಮಗೆ ಪುರುಸೊತ್ತು ಇರಲಿಕ್ಕಿಲ್ಲ. ಅದಕ್ಕೇ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾರಿನ ಚಾಸಿ ನಂಬರಿನಲ್ಲಿ, ಅಂದರೆ ಕಾರ್ಖಾನೆಯಲ್ಲಿ ಕಾರಿಗೆ ಅಚ್ಚು ಹೊಡೆದ ಗುರುತಿನ ನಂಬರಿನಲ್ಲಿ, ಒಂದು ಅಂಕಿ 8. ನಿಮ್ಮ ಕಂಪ್ಯೂಟರಿನಲ್ಲಿ ಅದು 3 ಆಗಿದೆ. 3 ತೆಗೆಸಿ 8 ಹಾಕಿಸಿ. ಅಷ್ಟೇ.

ಇದು 2005ರ ಸೆಪ್ಟೆಂಬರ್‌ನಲ್ಲಿ ರಿಜಿಸ್ಟರ್ ಆದ ಗಾಡಿ. ಮೀಟರ್ 2,60,000 ಕಿ.ಮೀ. ದಾಟಿದೆ. ನಡುವೆ ಒಮ್ಮೆ ಮೀಟರ್ ಕೇಬಲ್ ತುಂಡಾಗಿ ಎಂಟು ತಿಂಗಳು ಮುಳ್ಳು ಮಲಗಿತ್ತು. ಅದನ್ನೂ ಸೇರಿಸಿದರೆ ಇನ್ನೂ ಜಾಸ್ತಿ. ಅಪ್ಪನನ್ನು ಆಗುಂಬೆಯ ಹದಿನಾಲ್ಕು ತಿರುವು ಇಳಿಸಿ ಮಣಿಪಾಲಕ್ಕೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಕೊನೆಯ ಸಲ ಅಪ್ಪ ಹಿಂದಿನ ಸೀಟಿನಲ್ಲಿ ಮಲಗಿದ್ದರು. ಮಗಳು ಪಿಯುಸಿ ಓದಿದ್ದು, ಮದುವೆಯಾಗಿ ಹೋಗಿದ್ದು ಇದರಲ್ಲೇ. ಎರಡು ಸಲ ಕ್ಲಚ್ ಪ್ಲೇಟ್, ಒಮ್ಮೆ ಇಂಜಿನ್ ಬೋರ್, ಒಮ್ಮೆ ರೇಡಿಯೇಟರ್. ನಮ್ಮ ಮಳೆ ನಿಮಗೆ ಗೊತ್ತಲ್ವಾ, ಫ್ಲೋರ್ ತುಕ್ಕು ಹಿಡಿದು ಕ್ಲಚ್ ಪೆಡಲ್ ಕೆಳಗೆ ರಸ್ತೆ ಕಾಣುತ್ತಿತ್ತು. ತಗಡು ಹೊಡೆಸಿ ಟಿಂಕರಿಂಗ್ ಮಾಡಿಸಿದೆ. ಕಂಪನಿ ಈ ಮಾಡೆಲ್ ನಿಲ್ಲಿಸಿದ್ದು 2014ರಲ್ಲಿ. ಈಗ ಸಣ್ಣ ಸಾಮಾನಿಗೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೇಳಿ ಕಳಿಸಬೇಕು. 12 ಇಂಚಿನ ಟೈರ್ ಬೇಕೆಂದರೆ ಅಂಗಡಿಯವನು ನನ್ನ ಮುಖ ನೋಡುತ್ತಾನೆ. ಇದಕ್ಕೆಲ್ಲ ನಾನು ಯಾರ ಮೇಲೂ ದೂರು ಹೇಳುವುದಿಲ್ಲ. ಹಳೇ ಗಾಡಿ ಇಟ್ಟುಕೊಂಡವನಿಗೆ ಇದೆಲ್ಲ ಇದ್ದದ್ದೇ.

ನಾನು ಬಗ್ಗಿಹೋದದ್ದು ಮೆಕ್ಯಾನಿಕ್ ಮುಂದೆ ಅಲ್ಲ, ಕೌಂಟರ್ ಮುಂದೆ.

ಮೋಟಾರು ವಾಹನ ಕಾಯ್ದೆಯ ಕಲಂ 41, ಕಾರಿನ ನೋಂದಣಿ ಪತ್ರಕ್ಕೆ (ಆರ್‌ಸಿ) ಮೊದಲು ಹದಿನೈದು ವರ್ಷ, ಆಮೇಲೆ ಐದೈದು ವರ್ಷ, ನವೀಕರಣದ ಫಾರಂ 25, ಇವೆಲ್ಲ ನಿಮಗೆ ಬಾಯಿಪಾಠ ಇರುತ್ತವೆ. ನನಗೂ ಈಗ ಬಾಯಿಪಾಠ ಆಗಿದೆ. 2020ರಲ್ಲಿ ಮೊದಲ ಸಲ ಆರ್‌ಸಿ ನವೀಕರಣ ಮಾಡಿಸಿದಾಗ ಫೀಸ್ 600 ರೂಪಾಯಿ ಇತ್ತು. ಹಳೇ ಆರ್‌ಸಿ ಬುಕ್ ಒಪ್ಪಿಸಿದೆ, ಸ್ಮಾರ್ಟ್ ಕಾರ್ಡ್ ಬಂತು. ಬೀರುವಿನಲ್ಲಿಟ್ಟೆ. ಚಾಸಿ ನಂಬರನ್ನು ಒಂದೊಂದೇ ಅಂಕಿ ತಾಳೆ ನೋಡಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಸರ್ಕಾರಿ ಮೊಹರು ಇರುವ ಕಾರ್ಡನ್ನು ಭೂತಗನ್ನಡಿ ಹಿಡಿದು ಓದಬೇಕು ಅಂತ ಯಾರೂ ಹೇಳಿರಲಿಲ್ಲ.

2025ರ ಜುಲೈನಲ್ಲಿ, ಗಡುವಿಗೆ ಇನ್ನೂ ಒಂದೂವರೆ ತಿಂಗಳು ಇರುವಾಗಲೇ, ಎರಡನೇ ನವೀಕರಣಕ್ಕೆ ಅರ್ಜಿ ಹಾಕಿದೆ. ಅಷ್ಟರಲ್ಲಿ ಫೀಸ್ 5,000 ಆಗಿತ್ತು. ಕಟ್ಟಿದೆ. ತಪಾಸಣೆಗೆ ಅವರು ಕೊಟ್ಟ ದಿನ 60 ಕಿ.ಮೀ. ದೂರದ ಆರ್‌ಟಿಒ ಕಚೇರಿಗೆ ಕಾರ್ ಒಯ್ದೆ. ಇನ್ಸ್‌ಪೆಕ್ಟರ್ ಬೇರೆ ಕಡೆ ಡ್ಯೂಟಿಯಲ್ಲಿದ್ದರು. ವಾಪಸ್ ಬಂದೆ. ಆಗಸ್ಟ್ ಮೊದಲ ವಾರ ಮತ್ತೆ ಹೋದೆ. ಈ ಸಲ ಅವರು ಇದ್ದರು. ಲೈಟು, ಇಂಡಿಕೇಟರ್, ವೈಪರ್, ಹಾರ್ನ್, ಎಮಿಷನ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಎಲ್ಲ ನೋಡಿದರು. "ಗಾಡಿ ಚೆನ್ನಾಗಿ ಇಟ್ಕೊಂಡಿದೀರಿ" ಎಂದರು. ಸಾರ್, ಆ ಒಂದು ಮಾತಿಗೆ ನಾನು ಎಷ್ಟು ಉಬ್ಬಿದೆ ಗೊತ್ತಾ?

ಆಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳಿದರು. ಬಾನೆಟ್ ಎತ್ತಿ, ಇಂಜಿನ್ ಹಿಂದಿನ ತಗಡಿನ ಮೇಲಿದ್ದ ಎಣ್ಣೆ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದೆ. ಶಾಲೆಯಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಗೀಚುತ್ತಿದ್ದೆವಲ್ಲ, ಹಾಗೆ. ಕಪ್ಪಿನ ನಡುವೆ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ಕಾಗದ ತಗೊಂಡು ಒಳಗೆ ಹೋದವರು ಹತ್ತು ನಿಮಿಷ ಬಿಟ್ಟು ಹೊರಗೆ ಬಂದರು. ಮ್ಯಾಚ್ ಆಗ್ತಿಲ್ಲ ಎಂದರು. ಕಾರಿನಲ್ಲಿ 8, ಕಂಪ್ಯೂಟರಿನಲ್ಲಿ 3.

ನಾನು ಹಳೇ ಆರ್‌ಸಿ ಬುಕ್ಕಿನ ಜೆರಾಕ್ಸ್ ತೋರಿಸಿದೆ. 8. ಇಪ್ಪತ್ತು ವರ್ಷದ ಇನ್ಶೂರೆನ್ಸ್ ಪಾಲಿಸಿಗಳನ್ನು ಫೈಲಿನಿಂದ ತೆಗೆದು ಸಾಲಾಗಿ ಜೋಡಿಸಿದೆ. ಎಲ್ಲದರಲ್ಲೂ 8. 2005ರ ಶೋರೂಂ ಬಿಲ್ ಕೂಡ ಇತ್ತು, ಅದರಲ್ಲೂ 8. ಕೌಂಟರಿನಲ್ಲಿದ್ದವರು ಅವು ಯಾವುದನ್ನೂ ಮುಟ್ಟಲಿಲ್ಲ. ಪರದೆ ನೋಡುತ್ತಲೇ ಹೇಳಿದರು, "ಯಜಮಾನ್ರೇ, ನಮ್ಮ ರೆಕಾರ್ಡ್ ಸರಿ ಇದೆ. ನಿಮ್ಮ ಕಾರೇ ತಪ್ಪು."

ಕಾರೇ ತಪ್ಪಂತೆ! ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಅಚ್ಚು ಹೊಡೆದ ನಂಬರ್ ತಪ್ಪು, ಹದಿನೈದು ವರ್ಷ ಬಿಟ್ಟು ಯಾರೋ ಟೈಪ್ ಮಾಡಿದ್ದು ಸರಿ.

ಇನ್ನೊಂದು ತಮಾಷೆ ಕೇಳಿ. ಎಚ್‌ಎಸ್‌ಆರ್‌ಪಿ ಎಂಬ ಹೊಸ ಭದ್ರತಾ ನಂಬರ್ ಪ್ಲೇಟಿಗೆ 2023ರ ನವೆಂಬರ್ ಗಡುವು ಎಂದಿರಿ. ನಾನು ಅದಕ್ಕೂ ಮುಂಚೆ ಹಾಕಿಸಿದೆ. ಆಮೇಲೆ ನೀವು ಗಡುವನ್ನು ಮುಂದೂಡುತ್ತಾ ಹೋದಿರಿ, ಅದು ಬೇರೆ ಮಾತು. ಆ ಪ್ಲೇಟ್ ಬುಕ್ ಮಾಡುವಾಗ ಮಗ ಕಾರ್ಡ್ ನೋಡಿ ನಂಬರ್ ಹೊಡೆದಿದ್ದ. ಹಾಗಾಗಿ ಪ್ಲೇಟಿನ ಜೊತೆ ಬಂದ, ಗಾಜಿನ ಮೇಲಿನ ಸ್ಟಿಕ್ಕರಿನಲ್ಲೂ 3 ಕೂತಿದೆ. ಕೌಂಟರಿನವರಿಗೆ ಅದೇ ದೊಡ್ಡ ಸಾಕ್ಷಿ. "ನೋಡಿ, ಇಲ್ಲೂ ಮೂರೇ ಇದೆಯಲ್ಲ" ಎಂದರು.

ಕಾರ್ ಕದ್ದ ಮಾಲಲ್ಲ ಅಂತ ಪೊಲೀಸರಿಂದ ಬರೆಸಿ ತನ್ನಿ, ಅಫಿಡವಿಟ್ ತನ್ನಿ ಎಂದರು. ಸ್ಟೇಷನ್ನಿನಲ್ಲಿ ಯಾವ ನಂಬರಿಗೆ ಬರೆದುಕೊಡಬೇಕು ಎಂದು ಕೇಳಿದರು. ಪಾಪ, ಕೊನೆಗೆ ಎರಡಕ್ಕೂ ಬರೆದುಕೊಟ್ಟರು. 8 ನಂಬರಿನ ಕಾರ್ ಕಳುವಾಗಿಲ್ಲ, 3 ನಂಬರಿನ ಕಾರೂ ಕಳುವಾಗಿಲ್ಲ. ಆ 3 ನಂಬರಿನ ಕಾರ್ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಅದರ ಮಾಲೀಕರಿಗೂ ನನ್ನ ನಮಸ್ಕಾರ ತಿಳಿಸಿ.

ಇಷ್ಟೆಲ್ಲ ಆಗುವಷ್ಟರಲ್ಲಿ ನವೆಂಬರ್ ಬಂತು. ಸೆಪ್ಟೆಂಬರ್‌ನಲ್ಲೇ ಆರ್‌ಸಿ ಅವಧಿ ಮುಗಿದಿತ್ತು. ಅದಕ್ಕೂ ಮುಂಚೆ, ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳ ಫೀಸನ್ನು ದೆಹಲಿಯವರು 10,000 ಮಾಡಿದ್ದರು. ಕಾಗದಗಳ ಕಟ್ಟು ಹಿಡಿದು ಹೋದರೆ ಕೌಂಟರಿನಲ್ಲಿ ಹೊಸ ಲೆಕ್ಕ. ಇನ್ನೂ 5,000 ಕಟ್ಟಿ, ತಡ ಮಾಡಿದ್ದಕ್ಕೆ ತಿಂಗಳಿಗೆ 500ರಂತೆ ದಂಡ ಕಟ್ಟಿ, ಅಂಕಿ ತಿದ್ದುವುದನ್ನು ಆಮೇಲೆ ನೋಡೋಣ ಎಂದರು.

ತಡ ಮಾಡಿದ್ದು ಯಾರು ಸಾರ್?

ಫೀಸ್ ಕೇಂದ್ರದ್ದು, ನಮ್ಮ ಕೈಯಲ್ಲಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ನನ್ನ ಅರ್ಜಿಯ ದಿನಾಂಕ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಆ ದಿನ ಕಾರಿಗೆ 20 ತುಂಬಿರಲಿಲ್ಲ, ಫೀಸ್ 5,000 ಇತ್ತು, ನಾನು ಪೂರ್ತಿ ಕಟ್ಟಿದ್ದೆ. ಸರ್ಕಾರಿ ಕೆಲಸ ಇಂತಿಷ್ಟು ದಿನದಲ್ಲಿ ಆಗಬೇಕೆನ್ನುವ ಸಕಾಲ ಕಾಯ್ದೆಯ ನಂಬರ್ ಕೊಡಿ ಎಂದರೆ ಈ ಕೆಲಸ ಅದರಡಿ ಬರಲ್ಲ ಎಂದರು. ಬರುತ್ತಾ ಬರಲ್ವಾ, ನೀವೇ ಹೇಳಿ. ಬಂದರೂ ಏನು ಮಹಾ? ನಿಮ್ಮವರು ತಡ ಮಾಡಿದರೆ ನನಗೆ ದಿನಕ್ಕೆ 20 ರೂಪಾಯಿ, ಎಷ್ಟೇ ತಡವಾದರೂ 500 ದಾಟುವ ಹಾಗಿಲ್ಲ. ನಾನು ತಡ ಮಾಡಿದರೆ ತಿಂಗಳು ತಿಂಗಳೂ 500. ಈ ತಕ್ಕಡಿಯನ್ನು ಯಾರು ಹಿಡಿದರೋ!

ಕಚೇರಿ ಎದುರು ಚಹಾದಂಗಡಿಯಲ್ಲಿ ಒಬ್ಬ ಬ್ರೋಕರ್ ಸಿಕ್ಕಿದ. ನನ್ನ ಕಥೆ ಅರ್ಧ ಕೇಳಿ, "ಹದಿನೈದು ಸಾವಿರ ಕೊಡಿ, ಎಲ್ಲ ಸೇರಿ ಎರಡು ವಾರದಲ್ಲಿ ಮಾಡಿಸ್ತೀನಿ" ಎಂದ. ಅಂದರೆ 3 ಅನ್ನು 8 ಮಾಡಲು ಬರುತ್ತದೆ. ನನಗೆ ಮಾತ್ರ ಬರುವುದಿಲ್ಲ. ಗುಜರಿಯವನು ಕಾರಿಗೆ ಕೊಡುತ್ತೇನೆ ಎಂದದ್ದೂ ಸರಿಯಾಗಿ ಅಷ್ಟೇ.

ಹೊಸದು ತಗೊಳ್ಳಿ ಅಂತ ನೆಂಟರು ಹೇಳುತ್ತಾರೆ. ನೀವೂ ಅದನ್ನೇ ಹೇಳಬಹುದು. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ತೋಟದ ಕಡೆ ಒಮ್ಮೆ ಬಂದು ನೋಡಿ. ಈ ವರ್ಷ ಅಡಿಕೆ ಗೊನೆ ಕೊಯ್ಲಿನ ಕೂಲಿ ಕೊಟ್ಟು ಉಳಿದದ್ದರಲ್ಲಿ ಕಾರ್ ಇರಲಿ, ಕಾರಿನ ನಾಲ್ಕು ಟೈರ್ ಬರುವುದೂ ಕಷ್ಟ. ಅಲ್ಲದೆ ಅಂದೇ ಜೀವಿತಾವಧಿ ತೆರಿಗೆ ಕಟ್ಟಿದ್ದೇನೆ. ಯಾರ ಜೀವಿತಾವಧಿ ಅಂತ ಆಗ ಕೇಳಬೇಕಿತ್ತು. ಕಾರಿನ ಜೀವ ಇನ್ನೂ ಇದೆ, ನನ್ನದೂ ಇದೆ.

ಹೆಂಡತಿಯನ್ನು ಆರು ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಬಾಡಿಗೆ ಕಾರಿಗೆ ಹೋಗಿಬರಲು 3,500. ಬಸ್ಸಿನಲ್ಲಿ ಹೋದರೆ ಸಂಜೆ ಕಡೇ ಬಸ್ ತಪ್ಪುತ್ತದೆ. ನಮ್ಮ ಕಾರ್ ಕೊಟ್ಟಿಗೆ ಪಕ್ಕ ನಿಂತಿದೆ. ಬ್ಯಾಟರಿ ಸಾಯದಿರಲಿ ಅಂತ ಮೂರು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ, ಅಂಗಳದಲ್ಲೇ ನಾಲ್ಕು ಮಾರು ಮುಂದೆ, ನಾಲ್ಕು ಮಾರು ಹಿಂದೆ ಓಡಿಸುತ್ತೇನೆ. ಹಸು ಮೊದಲು ಹೆದರುತ್ತಿತ್ತು. ಈಗ ತಲೆ ಎತ್ತಿಯೂ ನೋಡುವುದಿಲ್ಲ.

ಆರ್‌ಸಿ ಇಲ್ಲದೆ ರಸ್ತೆಗಿಳಿಸಿದರೆ ಪೊಲೀಸರ ದಂಡ. ಏನಾದರೂ ಅಪಘಾತ ಆದರೆ ಇನ್ಶೂರೆನ್ಸಿನವರು ಆರ್‌ಸಿ ಕೇಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಂದು ದಿನ ಕೂಡ ಕಾಗದ ಇಲ್ಲದೆ ಗಾಡಿ ಹೊರಗೆ ತೆಗೆದವನಲ್ಲ ನಾನು. ಈಗ ತೆಗೆದುಬಿಡೋಣ ಅಂತ ಕೆಲವು ರಾತ್ರಿ ಅನ್ನಿಸುತ್ತದೆ.

ದೊಡ್ಡ ಯೋಜನೆ, ವಿನಾಯಿತಿ, ಹೊಸ ಕಾನೂನು ಯಾವುದೂ ನಾನು ಕೇಳುತ್ತಿಲ್ಲ. ಹಸಿರು ತೆರಿಗೆ ಬೇಕೇ, ಕಟ್ಟುತ್ತೇನೆ. ಬ್ರೇಕ್ ಇನ್ನೊಮ್ಮೆ ನೋಡಬೇಕೇ, ನೋಡಿ. 3 ತೆಗೆದು 8 ಹಾಕಿಸಿ. ಜುಲೈಯಲ್ಲಿ ಕಟ್ಟಿದ 5,000ವನ್ನೇ ಪೂರ್ತಿ ಫೀಸ್ ಅಂತ ಒಪ್ಪಿಕೊಳ್ಳಿ. ನನ್ನದಲ್ಲದ ತಪ್ಪಿಗೆ ಹಾಕಿದ ದಂಡ ತೆಗೆಸಿ. ಮೊದಲನೆಯದು ಆಗದಿದ್ದರೆ ಉಳಿದ ಎರಡರಿಂದ ಏನೂ ಉಪಯೋಗವಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, 8.

ಕಾರ್ ಮತ್ತೆ ಕಚೇರಿಗೆ ತರಲು ಈಗ ಕಾನೂನು ಬಿಡುವುದಿಲ್ಲ. ನಿಮ್ಮವರನ್ನೇ ಯಾರನ್ನಾದರೂ ಇಲ್ಲಿಗೆ ಕಳಿಸಿ. ಬಾನೆಟ್ ಎತ್ತಿ ಇಟ್ಟಿರುತ್ತೇನೆ. ಕಾಗದ, ಪೆನ್ಸಿಲ್ ನನ್ನ ಹತ್ತಿರವೇ ಇದೆ.

ಇಂತಿ,
ಒಂದು ಬಿಳಿ ಮಾರುತಿ 800ರ ಮಾಲೀಕ
(ನಿಮ್ಮ ರೆಕಾರ್ಡ್ ಪ್ರಕಾರ, ಬೇರೆ ಯಾವುದೋ ಕಾರಿನ ಮಾಲೀಕ)