ಆ ಚೆಂದದ ಮನೆಯ ವಿಷಯ

ಅಮ್ಮಾ,

ನಾನಿಲ್ಲಿ ಕ್ಷೇಮ, ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಅಜ್ಜಿಯ ಮಂಡಿ ನೋವು ಹೇಗಿದೆ? ಅಕ್ಕನ ಸಂಬಂಧದ ವಿಷಯ ನೀನು ಬರೆದಿದ್ದು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಫೋನಿನಲ್ಲಿ ಹೇಳೋಕೆ ಹೋದರೆ ನೀನು ಮಧ್ಯೆ ಬಾಯಿ ಹಾಕ್ತೀಯ, ಅದಕ್ಕೇ ಈ ಪತ್ರ.

ಮೈಸೂರಿನ ಆ ಮನೆಯನ್ನೇ ಹೊಗಳಿ ಹೊಗಳಿ ಬರೆದಿದ್ದೀಯ. ಬೀಟೆ ಮರದ ಉಯ್ಯಾಲೆ, ತಂಜಾವೂರಿನ ಚಿತ್ರಪಟ, ಕಾಫಿ ಕೊಟ್ಟ ಬೆಳ್ಳಿ ಲೋಟ. ಹುಡುಗನ ಬಗ್ಗೆ ಬರೆದಿದ್ದು ಸ್ವಲ್ಪವೇ. ಅಕ್ಕನ ಗಾಜಿನ ಬಳೆ ನೋಡಿ 'ಈ ಸೀರೆಗೆ ಇದು ಒಪ್ಪಲ್ಲ' ಅಂದನಂತೆ. ಅವಳು ಸ್ಕೂಲಿನ ಮಕ್ಕಳ ವಿಷಯ ತೆಗೆದರೆ 'ನೀವು ಸುಮ್ನಿದ್ದಾಗಲೇ ಚೆನ್ನಾಗಿ ಕಾಣ್ತೀರಿ' ಅಂದನಂತೆ. ನೀವೆಲ್ಲ ನಕ್ಕಿರಂತೆ. ನನಗೆ ನಗು ಬರಲಿಲ್ಲ.

ಯಾಕೆ ಗೊತ್ತಾ, ಈ ಟರ್ಮ್ ಪೂರ್ತಿ ನಾನು ಇಂಥವನೊಬ್ಬನ ಜೊತೆಯೇ ಕಳೆಯುತ್ತಿದ್ದೇನೆ. ಗಾಬರಿಯಾಗಬೇಡ, ಅವನು ಕಾದಂಬರಿಯವನು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲ್ಲಿ ಇಂಗ್ಲೆಂಡಿನಲ್ಲಿ 'ಕಲೆಗಾಗಿ ಕಲೆ', ಅಂದರೆ ಕಲೆ ಚೆಂದವಿದ್ದರೆ ಸಾಕು, ನೀತಿ ಹೇಳಬೇಕಿಲ್ಲ ಅನ್ನುವ ಹುಚ್ಚು ಜೋರಾಗಿತ್ತು. ವಾಲ್ಟರ್ ಪೇಟರ್ ಅಂತ ಒಬ್ಬ ಆಕ್ಸ್‌ಫರ್ಡ್ ಮೇಷ್ಟ್ರು, ಬದುಕು ಚಿಕ್ಕದು, ಚೆಂದವಾದದ್ದನ್ನು ಇರುವಷ್ಟು ಹೊತ್ತು ತುಂಬಿಕೊಳ್ಳಿ ಅಂತ 1873ರಲ್ಲಿ ಪುಸ್ತಕ ಬರೆದರು. ಓದಿದ ಹುಡುಗರು ದಾರಿ ತಪ್ಪಿಯಾರು ಅಂತ ಹೆದರಿ, 1877ರ ಮುದ್ರಣದಲ್ಲಿ ಆ ಕೊನೆಯ ಭಾಗವನ್ನು ತಾವೇ ಕಿತ್ತುಹಾಕಿದರು! ಆಸ್ಕರ್ ವೈಲ್ಡ್‌ನ ಕಾದಂಬರಿಯ ನಾಯಕ ಡೋರಿಯನ್ ಗ್ರೇ ಹೆಸರು ಅಪ್ಪನಿಗೆ ಗೊತ್ತಿರುತ್ತದೆ. ಅವನು ಒಬ್ಬ ನಟಿಯನ್ನು ಪ್ರೀತಿಸಿ, ಒಂದು ರಾತ್ರಿ ಅವಳು ಕೆಟ್ಟದಾಗಿ ನಟಿಸಿದಳು ಅಂತ ಬಿಟ್ಟುಬಿಡುತ್ತಾನೆ.

ಆದರೆ ನಾನು ಹೆದರುವುದು ಗಿಲ್ಬರ್ಟ್ ಆಸ್ಮಂಡ್‌ಗೆ. ಹೆನ್ರಿ ಜೇಮ್ಸ್ 1881ರಲ್ಲಿ ತಂದ 'ದಿ ಪೋರ್ಟ್ರೇಟ್ ಆಫ್ ಎ ಲೇಡಿ' ಕಾದಂಬರಿಯವನು. ಫ್ಲಾರೆನ್ಸಿನ ಗುಡ್ಡದ ಮೇಲೆ ಮನೆ, ಒಳಗೆ ಹುಡುಕಿ ಹುಡುಕಿ ತಂದ ಹಳೇ ಸಾಮಾನು, ಮೆತ್ತನೆ ಮಾತು. ಕಥೆಯ ನಾಯಕಿ ಇಸಬೆಲ್‌ಗೆ ಬಂಧುವೊಬ್ಬರಿಂದ 70,000 ಪೌಂಡ್ ಬಂದಿರುತ್ತದೆ. ಇಷ್ಟು ಒಳ್ಳೇ ಅಭಿರುಚಿ ಇರುವವನು ಮನುಷ್ಯನಾಗಿಯೂ ಒಳ್ಳೆಯವನೇ ಇರಬೇಕು ಅಂತ ನಂಬಿ, ಎಲ್ಲರೂ ಬೇಡ ಬೇಡ ಅಂದರೂ ಮದುವೆಯಾಗುತ್ತಾಳೆ. ನಿನ್ನ ತಲೆಯಲ್ಲಿ ಯೋಚನೆಗಳು ಜಾಸ್ತಿ, ಅವನ್ನು ಬಿಡಬೇಕು ಅಂತ ಅವನು ಮದುವೆಗೆ ಮುಂಚೆಯೇ ಹೇಳಿರುತ್ತಾನೆ. ತಮಾಷೆ ಅಂದುಕೊಂಡಿರುತ್ತಾಳೆ, ನಿಮ್ಮ ಹಾಗೇ! ಮುಂದೆ ಒಂದು ದಿನ, ಅವಳ ಅಣ್ಣನಂಥವನು ಇಂಗ್ಲೆಂಡಿನಲ್ಲಿ ಸಾಯುತ್ತಿದ್ದಾನೆ ಅಂತ ಸುದ್ದಿ ಬರುತ್ತದೆ. ಹೋಗಬೇಕು ಅಂತ ಕೇಳಲು ಗಂಡನ ಕೋಣೆಗೆ ಬರುತ್ತಾಳೆ. ಅವನು ಬಣ್ಣದ ಪೆಟ್ಟಿಗೆ ಮುಂದಿಟ್ಟುಕೊಂಡು ಪುಸ್ತಕ ನೋಡಿ ಹಳೇ ನಾಣ್ಯವೊಂದರ ಚಿತ್ರ ಬಿಡಿಸುತ್ತಿದ್ದಾನೆ. ವಿಷಯ ಕೇಳಿಸಿಕೊಳ್ಳುತ್ತಾ ಬಣ್ಣ ಹಚ್ಚುತ್ತಲೇ ಇರುತ್ತಾನೆ. ಹೋಗಕೂಡದು ಅನ್ನುತ್ತಾನೆ.

ಓದಿ ಓದಿ ಮರುಳಾದ ಕೂಚುಭಟ್ಟ ಅಂತೀಯ, ಅನ್ನು. ಚೆಂದದ ವಸ್ತು ಕಂಡರೆ ನನಗೇನೂ ಸಿಟ್ಟಿಲ್ಲ. ಮೊನ್ನೆ ಕ್ಲಾಸಿನವರೆಲ್ಲ ಲೇಟನ್ ಅನ್ನುವ ಆ ಕಾಲದ ಚಿತ್ರಕಾರನ ಮನೆಗೆ ಹೋಗಿದ್ದೆವು. ಡಮಾಸ್ಕಸ್‌ನಿಂದ ತಂದ ನೀಲಿ ಟೈಲ್ಸ್ ಗೋಡೆ, ನಡುಮನೆಯಲ್ಲಿ ಕಾರಂಜಿ, ಮೆಟ್ಟಿಲ ಹತ್ತಿರ ಹೊಟ್ಟು ತುಂಬಿ ನಿಲ್ಲಿಸಿದ ಸತ್ತ ನವಿಲು! ಅಜ್ಜಿ ನೋಡಿದ್ದರೆ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಅವರು ಮಲಗುತ್ತಿದ್ದದ್ದು ಒಂದು ಸಾದಾ ಕೋಣೆಯಲ್ಲಿ, ನೆಂಟರು ಉಳಿಯಲು ಕೋಣೆಯೇ ಇಲ್ಲ. ಆದರೂ ಆ ನೀಲಿ ಗೋಡೆ ಬಿಟ್ಟು ಬರೋಕೆ ನನಗೆ ಮನಸ್ಸಾಗಲಿಲ್ಲ, ಸುಳ್ಳು ಹೇಳಲ್ಲ.

ಮೈಸೂರಿನವನು ಆಸ್ಮಂಡ್ ಅಂತ ನಾನು ಹೇಳುತ್ತಿಲ್ಲ. ಪಾಪ, ಒಳ್ಳೆಯವನೇ ಇರಬಹುದು. ಆದರೆ ಈಗಲೇ ಹೂಂ ಅನ್ನಬೇಡಿ. ನೀವ್ಯಾರೂ ಪಕ್ಕದಲ್ಲಿ ಇಲ್ಲದೆ ಅಕ್ಕ ಅವನ ಹತ್ತಿರ ಒಂದು ಗಂಟೆ ಮಾತಾಡಲಿ, ಕೆಲಸ ಬಿಡಲ್ಲ ಅಂತ ಹೇಳಿ ನೋಡಲಿ. ಆ ಬೆಳ್ಳಿ ಲೋಟ ಅವಳ ಕೈ ಜಾರಿ ಬಿದ್ದಿದ್ದರೆ ಅವನ ಮುಖ ಹೇಗಾಗುತ್ತಿತ್ತು ಅಂತ ನೀನೂ ಸ್ವಲ್ಪ ಯೋಚಿಸು.

ನನ್ನ ಚಿಂತೆ ಮಾಡಬೇಡ. ಊಟ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಚಟ್ನಿಪುಡಿ ಇನ್ನೂ ಇದೆ. ಕೆಮ್ಮು ಪೂರ್ತಿ ಹೋಯ್ತು, ರಾತ್ರಿ ಮಾತ್ರ ಸ್ವಲ್ಪ, ಅದು ಕೆಮ್ಮೇ ಅಲ್ಲ. ದುಡ್ಡೂ ಸಾಕು, ಕಳಿಸಬೇಡಿ.

ಬಸ್ಸಿಗೆ ಹೊತ್ತಾಯ್ತು. ಇದನ್ನು ಅಕ್ಕನಿಗೆ ಮೊದಲು ಕೊಡು, ಆಮೇಲೆ ಅಪ್ಪನಿಗೆ. ಭಾನುವಾರ ಫೋನ್ ಮಾಡ್ತೀನಿ.

ಪುಟ್ಟಿ